ಮಸ್ಟ್ಯಾಂಗ್ ಮೇಲೋ, ಕಮಾರೋ ಮೇಲೋ?

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಬಳಗ ನಡೆಸಿದ ವಿದ್ಯಾರ್ಥಿ ಶಿಬಿರದಲ್ಲಿ ಮಣ್ಣು ಮತ್ತು ನೀರಿನ ಕುರಿತು ಒಂದು ಗಂಟೆ ಮಾತನಾಡಿ, "ಪ್ರಶ್ನೆಗಳಿದ್ದರೆ ಕೇಳಿ" ಎಂದೆ. ಹಿಂದಿನ ಸಾಲಿನಲ್ಲಿದ್ದ ಪಿಯುಸಿ ಹುಡುಗನೊಬ್ಬ ಎದ್ದು ನಿಂತು, "ಸರ್, ನೀವು ಅಮೆರಿಕದಲ್ಲಿ ಇದ್ದು ಬಂದವರಂತೆ. ಮಸ್ಟ್ಯಾಂಗ್ ಮೇಲೋ, ಕಮಾರೋ ಮೇಲೋ?" ಎಂದು ಕೇಳಿದ. ಸಭೆ ಗೊಳ್ಳೆಂದು ನಕ್ಕಿತು. ಶಿಬಿರದ ಸಂಚಾಲಕರು ಹುಬ್ಬು ಗಂಟಿಕ್ಕಿದರು. ನಾನೂ ನಕ್ಕು, "ಊಟದ ಹೊತ್ತಾಯಿತು" ಎಂದು ಜಾರಿಕೊಂಡೆ.

ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಗ ಕೀಟಲೆಗೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾವು ಪರಿಸರದವರು ಇಂತಹ ಪ್ರಶ್ನೆಗಳನ್ನು ಕೇಳಿದೊಡನೆ ಮುಖ ತಿರುಗಿಸುತ್ತೇವೆ. ಅದರಿಂದ ಹುಡುಗರ ಆಸೆ ಅಳಿಯುವುದಿಲ್ಲ. ನಮ್ಮ ಮಾತಿನ ಮೇಲಿನ ಅವರ ನಂಬಿಕೆ ಮಾತ್ರ ಅಳಿಯುತ್ತದೆ. ಆದುದರಿಂದ ಅಂದು ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಉತ್ತರ ಸ್ವಲ್ಪ ಸುತ್ತು ಹಾದಿಯದು. ಓದುಗ ಮಿತ್ರರು ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಕೋರುತ್ತೇನೆ.

ಕಾರುಗಳ ನಾಡಿನಲ್ಲಿ

ಅಮೆರಿಕದ ಮಿಶಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್ ಪಟ್ಟಣದಲ್ಲಿ 1855ರಲ್ಲಿ ಕೃಷಿ ಕಾಲೇಜಾಗಿ ಆರಂಭವಾದ ಒಂದು ದೊಡ್ಡ ವಿಶ್ವವಿದ್ಯಾಲಯವಿದೆ. ಮೆಕ್ಕೆಜೋಳದ ಹೊಲಗಳಿಂದ ಸಾರಜನಕ ಎಷ್ಟು, ಹೇಗೆ ಸೋರಿ ಹೋಗುತ್ತದೆ ಎಂಬುದನ್ನು ಅಳೆಯುವ ಕೆಲಸಕ್ಕಾಗಿ ನಾನು 2016-17ರಲ್ಲಿ ಅಲ್ಲಿದ್ದೆ. ನಮ್ಮ ಪ್ರಯೋಗಾಲಯದಿಂದ ಕೆಲವೇ ಮೈಲಿ ದೂರದ ಲ್ಯಾನ್ಸಿಂಗ್ ಗ್ರ್ಯಾಂಡ್ ರಿವರ್ ಕಾರ್ಖಾನೆಯಲ್ಲಿ ಜನರಲ್ ಮೋಟರ್ಸ್‌ನ ಷೆವರ್ಲೆ ಕಮಾರೋ ತಯಾರಾಗುತ್ತಿತ್ತು. ಅದೇ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಡೆಟ್ರಾಯಿಟ್‌ನ ದಕ್ಷಿಣಕ್ಕಿರುವ ಫ್ಲ್ಯಾಟ್ ರಾಕ್‌ನಲ್ಲಿ ಫೋರ್ಡ್ ಮಸ್ಟ್ಯಾಂಗ್ ತಯಾರಾಗುತ್ತಿತ್ತು. ನಮ್ಮಲ್ಲಿ ಎರಡು ಯಕ್ಷಗಾನ ಮೇಳಗಳ ಅಭಿಮಾನಿಗಳು ಚಹದಂಗಡಿಯಲ್ಲಿ ವಾದಿಸುವಂತೆ ಅಲ್ಲಿಯ ಜನ ಈ ಎರಡು ಕಾರುಗಳ ವಿಷಯದಲ್ಲಿ ವಾದಿಸುತ್ತಾರೆ. ನಮ್ಮ ಪ್ರಯೋಗಾಲಯದಲ್ಲಿ ಮಣ್ಣಿನ ಮಾದರಿ ಒಣಗಿಸುವ ತಂತ್ರಜ್ಞ ಕಮಾರೋ ಪಕ್ಷದವನು; ಹೊಲದ ಮೇಲ್ವಿಚಾರಕ ಮಸ್ಟ್ಯಾಂಗ್ ಪಕ್ಷದವನು. ಇಬ್ಬರೂ ಸಜ್ಜನರು, ಇಬ್ಬರೂ ತಮ್ಮ ಕಾರುಗಳಲ್ಲಿ ನನ್ನನ್ನು ಕೂರಿಸಿಕೊಂಡು ತಿರುಗಾಡಿಸಿದರು.

ಸುಳ್ಳು ಹೇಳಲಾರೆ. ಎಂಟು ಸಿಲಿಂಡರಿನ ಇಂಜಿನ್ ಹೊತ್ತಿಕೊಂಡಾಗ ಬೆನ್ನುಮೂಳೆಯವರೆಗೆ ಬರುವ ಆ ಅದುರು ನನಗೆ ಇಷ್ಟವಾಯಿತು. 1995ರಿಂದ ಪ್ರತಿ ಆಗಸ್ಟಿನಲ್ಲಿ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ಹೆದ್ದಾರಿಯಲ್ಲಿ ಹಳೆಯ ಕಾರುಗಳ ತೇರಿನಂತಹ ಮೆರವಣಿಗೆ ನಡೆಯುತ್ತದೆ. ಅದನ್ನೂ ನೋಡಿದೆ. ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ತಾವು ಒಂದು ಕಾಲದಲ್ಲಿ ದುಡಿದ ಕಾರ್ಖಾನೆಯ ಕಾರು ಹೋಗುವುದನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕಿದರೆ ನಾವು ಏನನ್ನೂ ಅರ್ಥ ಮಾಡಿಕೊಂಡಂತಾಗುವುದಿಲ್ಲ.

ಹುಟ್ಟಿನಿಂದಲೇ ಹಗೆ

ಮಧ್ಯಮ ಗಾತ್ರದ, ಕೈಗೆಟುಕುವ ಬೆಲೆಯ ಕಾರಿನೊಳಗೆ ದೊಡ್ಡ ಕಾರಿನ ಬಲವಾದ ಇಂಜಿನ್ ಕೂರಿಸಿದರೆ ಅದು 'ಮಸಲ್ ಕಾರು'. ನಮ್ಮ ಮಾತಿನಲ್ಲಿ ಕಸುವಿನ ಕಾರು. 1964ರ ಪಾಂಟಿಯಾಕ್ ಜಿಟಿಓ ಈ ಕುಲದ ಮೂಲಪುರುಷ ಎಂಬುದು ರೂಢಿಯ ಅಭಿಪ್ರಾಯ. ಅದೇ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿ ಮಸ್ಟ್ಯಾಂಗನ್ನು ಅನಾವರಣಗೊಳಿಸಿತು. ಮಸ್ಟ್ಯಾಂಗ್ ಎಂದರೆ ಅಮೆರಿಕದ ಬಯಲುಗಳ ಕಾಡುಕುದುರೆ. ಬೆಲೆ 2,368 ಡಾಲರ್. ಫಾಲ್ಕನ್ ಎಂಬ ಸಾಧಾರಣ ಸಂಸಾರಿಗರ ಕಾರಿನ ತಳಹದಿಯ ಮೇಲೆಯೇ ಇದನ್ನು ಕಟ್ಟಲಾಗಿತ್ತು. ಒಡಲು ಹಳೆಯದು, ಉಡುಪು ಹೊಸದು. ಮೊದಲ ದಿನವೇ 22,000ಕ್ಕೂ ಹೆಚ್ಚು ಬೇಡಿಕೆ ಬಂತು. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರು ತಯಾರಾಯಿತು.

ಎದುರಾಳಿ ಸುಮ್ಮನಿರಲು ಸಾಧ್ಯವೇ? 1966ರ ಸೆಪ್ಟೆಂಬರಿನಲ್ಲಿ ಜನರಲ್ ಮೋಟರ್ಸ್ ತನ್ನ ಕಮಾರೋವನ್ನು ಕಣಕ್ಕಿಳಿಸಿತು. ಕಮಾರೋ ಎಂದರೇನು ಎಂದು ಪತ್ರಕರ್ತರು ಕೇಳಿದಾಗ, ಅದು ಮಸ್ಟ್ಯಾಂಗುಗಳನ್ನು ತಿನ್ನುವ ಒಂದು ಪುಟ್ಟ ಕ್ರೂರ ಪ್ರಾಣಿ ಎಂದು ಕಂಪನಿಯವರು ಉತ್ತರಿಸಿದ್ದು ಪ್ರಸಿದ್ಧ. ಅಂದಿನಿಂದ ಒಂದು ಇಂಜಿನ್ ದೊಡ್ಡದು ಮಾಡಿದರೆ ಇನ್ನೊಂದು ಅದಕ್ಕಿಂತ ದೊಡ್ಡದು ಮಾಡುವ ಸರಣಿ ಆರಂಭವಾಯಿತು. ಕಮಾರೋ 2002ರಲ್ಲಿ ಒಮ್ಮೆ ನಿಂತಿತು. 2005ರ ಮಾದರಿಯ ಮಸ್ಟ್ಯಾಂಗ್ ಅರವತ್ತರ ದಶಕದ ಚೆಹರೆಯನ್ನು ಹೊತ್ತು ಬಂದು ಗೆದ್ದುದನ್ನು ಕಂಡು, 2009ರ ಮಾರ್ಚಿನಲ್ಲಿ ಕಮಾರೋ ಕೆನಡಾದ ಆಷಾವಾದಲ್ಲಿ ಮರುಹುಟ್ಟು ಪಡೆಯಿತು. ಮೂರು ತಿಂಗಳು ಕಳೆಯುವುದರೊಳಗೆ, 2009ರ ಜೂನ್ 1ರಂದು, ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿತು. ಮನೆ ಹರಾಜಿಗೆ ಬಂದಿದ್ದರೂ ಕಂಬಳದ ಕೋಣಕ್ಕೆ ಹುರುಳಿ ಬೇಯಿಸುವುದು ನಿಲ್ಲಲಿಲ್ಲ!

ಪಕ್ಕಪಕ್ಕದಲ್ಲಿಟ್ಟು ನೋಡಿದರೆ

ಹುಡುಗನ ಪ್ರಶ್ನೆಗೆ ನೇರ ಉತ್ತರ ಕೊಡಬೇಕಲ್ಲ. ಎರಡೂ ಸಮಸಮವಾಗಿ ನಿಂತಿದ್ದ 2018ರ ಮಾದರಿಗಳನ್ನು ತೆಗೆದುಕೊಳ್ಳೋಣ. ಮಸ್ಟ್ಯಾಂಗ್ ಜಿಟಿಯದು 5.0 ಲೀಟರಿನ ಎಂಟು ಸಿಲಿಂಡರ್ ಇಂಜಿನ್, 460 ಅಶ್ವಶಕ್ತಿ. ಕಮಾರೋ ಎಸ್‌ಎಸ್‌ನದು 6.2 ಲೀಟರಿನ ಎಂಟು ಸಿಲಿಂಡರ್ ಇಂಜಿನ್, 455 ಅಶ್ವಶಕ್ತಿ. ತೂಕ ಎರಡರದ್ದೂ ಸುಮಾರು 1,700 ಕಿಲೋ. ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ವೇಗ ಮುಟ್ಟಲು ಎರಡಕ್ಕೂ ನಾಲ್ಕು ಸೆಕೆಂಡಿನ ಆಸುಪಾಸು ಸಾಕು. ಐದು ಅಶ್ವಶಕ್ತಿಯ ಅಂತರಕ್ಕಾಗಿ ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದರು.

ಗುಣದಲ್ಲಿ ಮಾತ್ರ ವ್ಯತ್ಯಾಸವಿತ್ತು. ಕಮಾರೋವಿನ ಒಡಲು ಗಟ್ಟಿ. ತಿರುವುಗಳಲ್ಲಿ ಅದು ಹೇಳಿದಂತೆ ಕೇಳುತ್ತಿತ್ತು. ಬಲ್ಲವರಲ್ಲಿ ಹೆಚ್ಚಿನವರು ಓಟದ ಕಣದಲ್ಲಿ ಅದಕ್ಕೇ ಅಂಕ ಕೊಟ್ಟರು. ಆದರೆ ಕಿಟಕಿಗಳು ಬಂಕರಿನ ಕಿಂಡಿಗಳಂತೆ ಸಣ್ಣವು. ಒಳಗೆ ಕುಳಿತವನಿಗೆ ಹೊರಗೇನಿದೆ ಎಂಬುದು ಸರಿಯಾಗಿ ಕಾಣದು. ಹಿಂದಿನ ಡಿಕ್ಕಿಯಲ್ಲಿ ಸಂತೆಯ ಚೀಲವಿಡಲೂ ಕಷ್ಟ. ಮಸ್ಟ್ಯಾಂಗ್ ತುಸು ಮೆತ್ತಗೆ, ಆದರೆ ಬೆಳಕಿದೆ, ಸಾಮಾನಿಗೆ ಜಾಗವಿದೆ, ದಿನನಿತ್ಯ ಬಾಳುವೆ ಮಾಡಬಹುದು. 2010ರಿಂದ 2014ರವರೆಗೆ ಅಮೆರಿಕದ ಮಾರಾಟದಲ್ಲಿ ಕಮಾರೋ ಮುಂದಿತ್ತು. 2015ರಲ್ಲಿ ಮಸ್ಟ್ಯಾಂಗ್ ಮತ್ತೆ ಮುಂದೆ ಬಂತು, ಅನಂತರ ಕಮಾರೋ ಅದನ್ನು ಹಿಂದಿಕ್ಕಲಿಲ್ಲ. ಆ ವೇಳೆಗೆ ಮಸ್ಟ್ಯಾಂಗ್ ಬಲಬದಿಯ ಸ್ಟೀರಿಂಗಿನೊಡನೆ ಹೊರದೇಶಗಳಿಗೂ ಹೊರಟಿತು. 2016ರ ಜುಲೈನಲ್ಲಿ 65 ಲಕ್ಷ ರೂಪಾಯಿ ಬೆಲೆಗೆ ಭಾರತಕ್ಕೂ ಬಂತು. 2023ರ ಡಿಸೆಂಬರಿನಲ್ಲಿ ಲ್ಯಾನ್ಸಿಂಗ್‌ನಲ್ಲಿ ಕಮಾರೋ ತಯಾರಿಕೆ ನಿಂತುಹೋಯಿತು. ಮಸ್ಟ್ಯಾಂಗ್ ಇಂದಿಗೂ ಬರುತ್ತಿದೆ, ಈಗ 480 ಅಶ್ವಶಕ್ತಿಯೊಡನೆ.

ಕಣದಲ್ಲಿ ಮೇಲಾದುದು ಸೋತಿತು, ಬಾಳುವೆಗೆ ಒದಗಿದುದು ಉಳಿಯಿತು. ತಳಿಗಳ ವಿಷಯದಲ್ಲಿ ನಾವು ಕೃಷಿ ವಿಜ್ಞಾನಿಗಳು ಇದನ್ನೇ ಕಂಡಿದ್ದೇವೆ. ಪ್ರಯೋಗ ತಾಕಿನಲ್ಲಿ ಗೆದ್ದ ತಳಿ ರೈತನ ಗದ್ದೆಯಲ್ಲಿ ನಿಲ್ಲಬೇಕೆಂದಿಲ್ಲ.

ಇನ್ನು ಇವುಗಳ ಹಸಿವು. ಪೇಟೆ ಮತ್ತು ಹೆದ್ದಾರಿಯ ಸರಾಸರಿ ಹಿಡಿದರೆ ಎರಡೂ ಲೀಟರ್ ಪೆಟ್ರೋಲಿಗೆ ಸುಮಾರು 8 ಕಿ.ಮೀ. ಓಡುತ್ತವೆ. ಅಮೆರಿಕ ಸರ್ಕಾರವು ಕಾರಿನ ಚೀಟಿಯಲ್ಲಿ ವರ್ಷದ ಇಂಧನ ಖರ್ಚನ್ನು 15,000 ಮೈಲಿಗೆ, ಅಂದರೆ ಸುಮಾರು 24,000 ಕಿ.ಮೀ.ಗೆ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ವರ್ಷಕ್ಕೆ 3,000 ಲೀಟರ್ ಪೆಟ್ರೋಲ್. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ; ಅಂದರೆ ವರ್ಷಕ್ಕೆ ಸುಮಾರು ಏಳು ಟನ್. ಲೀಟರ್ ಡೀಸೆಲಿಗೆ ಐದು ಕಿ.ಮೀ. ಓಡುವ ನಮ್ಮ ಕೆಂಪು ಬಸ್ಸಿನಲ್ಲಿ ಐವತ್ತು ಜನರಿದ್ದರೆ, ಅದೇ ಲೀಟರಿನಲ್ಲಿ ಒಬ್ಬೊಬ್ಬರನ್ನೂ ಹೊತ್ತ ದೂರ ಒಟ್ಟು 250 ಕಿ.ಮೀ. ಆಗುತ್ತದೆ.

1974ರ ಪುಟ್ಟ ಕುದುರೆ

ಜನರಿಗೆ ಕಸುವೇ ಬೇಕು, ಕಂಪನಿಗಳು ಕೊಡುತ್ತವೆ, ಇದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎನ್ನುವವರಿದ್ದಾರೆ. ಅವರಿಗೆ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಪೆಟ್ರೋಲ್ ಬಂಕುಗಳ ಮುಂದೆ ಸರದಿ ಬೆಳೆಯಿತು. ಅದಕ್ಕೆ ಸ್ವಲ್ಪವೇ ಮೊದಲು ಫೋರ್ಡ್ ಪುಟ್ಟದೊಂದು ಮಸ್ಟ್ಯಾಂಗನ್ನು ಹೊರತಂದಿತ್ತು. 1974ರ ಆ ಮಾದರಿಯಲ್ಲಿ ಎಂಟು ಸಿಲಿಂಡರಿನ ಇಂಜಿನ್ನೇ ಇರಲಿಲ್ಲ. ಮೂಲ ಇಂಜಿನ್ 2.3 ಲೀಟರಿನದು, ನಾಲ್ಕು ಸಿಲಿಂಡರ್, ಬರೀ 88 ಅಶ್ವಶಕ್ತಿ. ಕಸುವಿನ ಕಾರುಗಳ ಭಕ್ತರು ಇಂದಿಗೂ ಅದನ್ನು ಹಂಗಿಸುತ್ತಾರೆ. ಆದರೆ ಆ ಒಂದೇ ಮಾದರಿ ವರ್ಷದಲ್ಲಿ 3,85,000ಕ್ಕೂ ಹೆಚ್ಚು ಪುಟ್ಟ ಕುದುರೆಗಳು ತಯಾರಾದವು. ಈ ಶತಮಾನದಲ್ಲಿ ಯಾವ ವರ್ಷವೂ ಮಸ್ಟ್ಯಾಂಗ್ ಆ ಸಂಖ್ಯೆಯ ಹತ್ತಿರಕ್ಕೂ ಹೋಗಿಲ್ಲ. ಜನರ ಬಯಕೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮುಂದಿನ ಸಂಗತಿ ಇನ್ನೂ ಕುತೂಹಲದ್ದು. 2015ರಲ್ಲಿ ಫೋರ್ಡ್ ಮಸ್ಟ್ಯಾಂಗಿಗೆ ಮತ್ತೆ ನಾಲ್ಕು ಸಿಲಿಂಡರಿನ ಇಂಜಿನ್ ಕೊಟ್ಟಿತು. ಗಾತ್ರ ಅದೇ 2.3 ಲೀಟರ್. ಆದರೆ ಅದರ ಶಕ್ತಿ 88 ಅಲ್ಲ, 310 ಅಶ್ವಶಕ್ತಿ! ನಾಲ್ಕು ದಶಕಗಳ ಇಂಜಿನಿಯರಿಂಗ್ ಅದೇ ಗಾತ್ರದ ಇಂಜಿನ್ನಿನಿಂದ ಮೂರೂವರೆ ಪಟ್ಟು ಬಲ ತೆಗೆಯಿತು. ಆ ಜಾಣ್ಮೆಯನ್ನೆಲ್ಲ ಇಂಧನ ಉಳಿಸಲು ಬಳಸಿದ್ದರೆ ಎಂತಹ ಕಾರು ಹುಟ್ಟಬಹುದಿತ್ತು! ಹಾಗಾಗಲಿಲ್ಲ. ಸುಮಾರು 1,200 ಕಿಲೋ ಇದ್ದ ಕಾರು 1,600 ಕಿಲೋ ಆಯಿತು, ಉಳಿದ ಜಾಣ್ಮೆ ವೇಗಕ್ಕೆ ಹೋಯಿತು. ಲೀಟರಿಗೆ ಸಿಕ್ಕಿದ್ದು ಹತ್ತೂವರೆ ಕಿಲೋಮೀಟರ್ ಅಷ್ಟೆ.

ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲು ತಿನ್ನತೊಡಗಿದಾಗ ದೇಶದ ಒಟ್ಟು ಕಲ್ಲಿದ್ದಲಿನ ಖರ್ಚು ಇಳಿಯಲಿಲ್ಲ, ಏರಿತು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿಯೇ ಬರೆದಿದ್ದರು. ನಮ್ಮಲ್ಲಿ ಹನಿ ನೀರಾವರಿ ಬಂದಾಗ ಉಳಿದ ನೀರು ಬಾವಿಯಲ್ಲಿ ಉಳಿಯಿತೇ? ಗುಡ್ಡದ ಮೇಲಿನ ಬೇಣಕ್ಕೂ ಅಡಿಕೆ ಸಸಿ ಏರಿತು. ಯಂತ್ರದ ದಕ್ಷತೆ ಹೆಚ್ಚುವುದು ಬೇರೆ, ಬಳಕೆ ತಗ್ಗುವುದು ಬೇರೆ. ಮೊದಲನೆಯದು ಎರಡನೆಯದಾಗಬೇಕಾದರೆ ನಡುವೆ ಒಂದು ಒಪ್ಪಂದ ಬೇಕು.

ಗದ್ದೆ ಕಲಿಸುವ ನ್ಯಾಯ

ದಟ್ಟ ಕಾಡಿನಲ್ಲಿ ನಿಂತ ನಂದಿ ಮರವನ್ನು ನೋಡಿ. ಕೊಂಬೆಯಿಲ್ಲದೆ ನೆಟ್ಟಗೆ ಮೇಲೇರಿ, ನೆತ್ತಿಯಲ್ಲಿ ಮಾತ್ರ ಒಂದಷ್ಟು ಎಲೆ ಹೊತ್ತಿರುತ್ತದೆ. ಅಷ್ಟು ಎತ್ತರದ ಕಾಂಡ ಕಟ್ಟಲು ಅದು ಎಷ್ಟು ಶಕ್ತಿ ವ್ಯಯಿಸಿರಬೇಕು! ಸೂರ್ಯನಿಗೆ ಹತ್ತಿರವಾಗಲು ಅಲ್ಲ. ಪಕ್ಕದ ಮರದ ನೆರಳಿನಿಂದ ತಪ್ಪಿಸಿಕೊಳ್ಳಲು. ಪಕ್ಕದ ಮರವೂ ಅದೇ ಕಾರಣಕ್ಕೆ ಏರಿದೆ. ಎಲ್ಲ ಮರಗಳೂ ಅರ್ಧ ಎತ್ತರಕ್ಕೆ ಒಪ್ಪಿಕೊಂಡಿದ್ದರೆ ಎಲ್ಲಕ್ಕೂ ಅಷ್ಟೇ ಬಿಸಿಲು ಸಿಗುತ್ತಿತ್ತು. ಆದರೆ ಮರಗಳು ಸಭೆ ಸೇರುವುದಿಲ್ಲ.

ಆಸ್ಟ್ರೇಲಿಯಾದ ಕೃಷಿ ವಿಜ್ಞಾನಿ ಸಿ. ಎಂ. ಡೊನಾಲ್ಡ್ 1968ರಲ್ಲಿ ಈ ವಿಚಾರವನ್ನು ಬೆಳೆಗಳಿಗೆ ಅನ್ವಯಿಸಿ ಒಂದು ಮಹತ್ವದ ಪ್ರಬಂಧ ಬರೆದರು. ನೆರೆಯ ಗಿಡವನ್ನು ತುಳಿದು ಬೆಳೆಯುವ ಗಿಡ ಒಂಟಿಯಾಗಿ ಗೆಲ್ಲಬಹುದು. ಆದರೆ ಗದ್ದೆಯ ತುಂಬ ಅಂತಹ ಗಿಡಗಳೇ ಇದ್ದರೆ ಫಸಲು ಕಡಿಮೆಯಾಗುತ್ತದೆ. ಪೈಪೋಟಿಯಲ್ಲಿ ದುರ್ಬಲವಾದ, ತನ್ನ ಪಾಡಿಗೆ ತಾನಿರುವ ಗಿಡಗಳ ಸಮುದಾಯವೇ ಹೆಚ್ಚು ಕಾಳು ಕೊಡುತ್ತದೆ ಎಂಬುದು ಅವರ ಪ್ರತಿಪಾದನೆ. ಕಮಾರೋ ಬಂದ 1966ರಲ್ಲಿಯೇ ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್ 8 ಎಂಬ ಗಿಡ್ಡ ಭತ್ತವನ್ನು ಬಿಡುಗಡೆ ಮಾಡಿತು. ಅಮೆರಿಕದ ಕಾರುಗಳು ಎತ್ತರಕ್ಕೆ ಪೈಪೋಟಿ ನಡೆಸಿದ ಕಾಲದಲ್ಲಿ ಏಷ್ಯಾದ ಭತ್ತ ಎತ್ತರವನ್ನು ಬಿಟ್ಟುಕೊಟ್ಟಿತು.

ಗಿಡ್ಡ ಭತ್ತದ ಹಿಂದೆಯೇ ಗೊಬ್ಬರದ ಚೀಲ, ಕೀಟನಾಶಕದ ಡಬ್ಬಿ ಬಂದುದನ್ನೂ, ಆಳೆತ್ತರದ ನಮ್ಮ ಹಳೆಯ ಭತ್ತಗಳ ಹುಲ್ಲು ಕೊಟ್ಟಿಗೆಗೆ ಇಲ್ಲವಾದುದನ್ನೂ ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹಸಿರು ಕ್ರಾಂತಿಯ ಗುಣಗಾನ ನನ್ನ ಉದ್ದೇಶವಲ್ಲ. ನಾನು ಎತ್ತಿಕೊಳ್ಳುತ್ತಿರುವುದು ಒಂದೇ ನ್ಯಾಯವನ್ನು: ಪೈಪೋಟಿಯಲ್ಲಿ ತೊಡಗಿದ ಇಬ್ಬರಲ್ಲಿ ಒಬ್ಬನೇ ತಗ್ಗಿದರೆ ಅವನು ನೆರಳಿಗೆ ಬೀಳುತ್ತಾನೆ, ಇಬ್ಬರೂ ಒಟ್ಟಿಗೆ ತಗ್ಗಿದರೆ ಯಾರೂ ಸೋಲುವುದಿಲ್ಲ.

ಕಾನೂನು ಮತ್ತು ಕಂಡಿ

ಅಮೆರಿಕ ಒಮ್ಮೆ ಹೀಗೆ ಒಟ್ಟಿಗೆ ತಗ್ಗಿ ತೋರಿಸಿತು. ಅರವತ್ತರ ದಶಕದ ಬಲಿಷ್ಠ ಇಂಜಿನ್ನುಗಳು ಸೀಸ ಬೆರೆಸಿದ ಪೆಟ್ರೋಲನ್ನು ಕುಡಿಯುತ್ತಿದ್ದವು. ಸೀಸ ಬೆರೆಸಿದರೆ ಇಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಎಂಬುದನ್ನು 1921ರಲ್ಲಿ ಕಂಡುಹಿಡಿದದ್ದೂ ಜನರಲ್ ಮೋಟರ್ಸ್‌ನ ಪ್ರಯೋಗಾಲಯವೇ. ಅದರ ಹೊಗೆ ಮಕ್ಕಳ ಮೆದುಳಿಗೆ ವಿಷ. 1970ರ ಶುದ್ಧ ಗಾಳಿ ಕಾಯ್ದೆಯ ಫಲವಾಗಿ 1975ರ ಮಾದರಿಗಳಿಂದ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೀಸ ಅದನ್ನು ಕೆಡಿಸುವುದರಿಂದ ಹೊಸ ಕಾರುಗಳಿಗೆ ಸೀಸರಹಿತ ಪೆಟ್ರೋಲ್ ಕಡ್ಡಾಯವಾಯಿತು. 1996ರಲ್ಲಿ ಆ ದೇಶ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲನ್ನು ಪೂರ್ತಿ ನಿಷೇಧಿಸಿತು. ನಮ್ಮ ದೇಶದಲ್ಲಿ 2000ದಲ್ಲಿ ಅದು ನಿಂತಿತು. ಮಸ್ಟ್ಯಾಂಗೂ ಸಾಯಲಿಲ್ಲ, ಕಮಾರೋವೂ ಸಾಯಲಿಲ್ಲ.

1975ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಂಪನಿಯೊಂದು ಮಾರುವ ಕಾರುಗಳ ಸರಾಸರಿ ಮೈಲೇಜ್ 1985ರ ವೇಳೆಗೆ ಗ್ಯಾಲನ್ನಿಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿ.ಮೀ. ಆಗಬೇಕು ಎಂಬ ಗುರಿ. 1978ರ ಇನ್ನೊಂದು ಕಾಯ್ದೆ ಅತಿಯಾಗಿ ಇಂಧನ ನುಂಗುವ ಕಾರುಗಳಿಗೆ ವಿಶೇಷ ತೆರಿಗೆ ಹಾಕಿತು. ಕಾರುಗಳು ನಿಜಕ್ಕೂ ಹಗುರವಾದವು, ಮಿತವ್ಯಯಿಗಳಾದವು.

ಆದರೆ ಬೇಲಿಯಲ್ಲಿ ಒಂದು ಕಂಡಿ ಉಳಿದಿತ್ತು. ರೈತರು, ಬಡಗಿಗಳು ಬಳಸುವ ಸಣ್ಣ ಟ್ರಕ್ಕುಗಳಿಗೆಂದು ಕಾನೂನು ಸಡಿಲವಾದ ಮಿತಿ ಇಟ್ಟಿತು. ಇಂಧನ ನುಂಗುವವರ ತೆರಿಗೆಯಿಂದ ಅವನ್ನು ಹೊರಗಿಟ್ಟಿತು. ಕಂಪನಿಗಳು ಆ ಕಂಡಿಯಲ್ಲೇ ನುಗ್ಗಿದವು. ಪಿಕಪ್ ಮತ್ತು ಎಸ್‌ಯುವಿಗಳು ಕಾನೂನಿನ ಲೆಕ್ಕದಲ್ಲಿ ಟ್ರಕ್ಕುಗಳು. ಈಗ ಅಮೆರಿಕದಲ್ಲಿ ಮಾರಾಟವಾಗುವ ಐದು ಹೊಸ ವಾಹನಗಳಲ್ಲಿ ಸುಮಾರು ನಾಲ್ಕು ಇಂತಹವು. 2018ರಲ್ಲಿ ಫೋರ್ಡ್ ಕಂಪನಿ ಅಲ್ಲಿ ಸಾಮಾನ್ಯ ಕಾರುಗಳನ್ನೆಲ್ಲ ಕೈಬಿಡುವುದಾಗಿ ಘೋಷಿಸಿತು. ಕಾರು ಎಂಬ ಜಾತಿಯಲ್ಲಿ ಅದು ಅಲ್ಲಿ ಇಂದು ಮಾರುತ್ತಿರುವುದು ಮಸ್ಟ್ಯಾಂಗನ್ನು ಮಾತ್ರ. 2023ರಲ್ಲಿ ಅಲ್ಲಿ 50,000ಕ್ಕಿಂತ ಕಡಿಮೆ ಮಸ್ಟ್ಯಾಂಗುಗಳು ಮಾರಾಟವಾದರೆ, ಅದೇ ಕಂಪನಿಯ ಎಫ್ ಸರಣಿಯ ಪಿಕಪ್ಪುಗಳು ಏಳು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಕಮಾರೋವನ್ನು ತಿಂದದ್ದು ಮಸ್ಟ್ಯಾಂಗ್ ಅಲ್ಲ. ಇಬ್ಬರ ಜಗಳವನ್ನು ನೋಡುತ್ತ ಪಕ್ಕದಲ್ಲಿ ಕೊಬ್ಬಿದ ಮೂರನೆಯದು.

ಆದುದರಿಂದ ನಮ್ಮ ಸಿಟ್ಟನ್ನು ಗದ್ದಲ ಮಾಡುವ ಕೆಂಪು ಕಾರಿನ ಮೇಲೆ ಮಾತ್ರ ಹರಿಸಿದರೆ ಗುರಿ ತಪ್ಪುತ್ತದೆ. ಅದು ತನ್ನ ಹಸಿವನ್ನು ಊರಿಗೆಲ್ಲ ಸಾರಿ ಹೇಳುತ್ತದೆ. ಸದ್ದಿಲ್ಲದೆ, ಸಭ್ಯವಾಗಿ, ಮಕ್ಕಳನ್ನು ಶಾಲೆಗೆ ಬಿಡುವ ನೆಪದಲ್ಲಿ ಓಡುವ ಲಕ್ಷಾಂತರ ಭಾರದ ವಾಹನಗಳು ಒಟ್ಟಾಗಿ ನುಂಗುವುದು ಅದಕ್ಕಿಂತ ಬಹಳ ಹೆಚ್ಚು. 2025ರ ಜುಲೈನಲ್ಲಿ ಅಮೆರಿಕವು ಮೈಲೇಜ್ ಮಿತಿ ಮೀರಿದ ಕಂಪನಿಗಳಿಗೆ ಹಾಕುವ ದಂಡವನ್ನೇ ಸೊನ್ನೆಗೆ ಇಳಿಸಿತು. ಬೇಲಿಯಿದೆ, ದಾಟಿದರೆ ಕೇಳುವವರಿಲ್ಲ.

ಟ್ಯಾಂಕಿನೊಳಗಿನ ಮೆಕ್ಕೆಜೋಳ

ಪೆಟ್ರೋಲಿನ ಬದಲು ಬೆಳೆಯಿಂದ ಇಂಧನ ತೆಗೆಯಬಹುದಲ್ಲ ಎಂದು ಶಿಬಿರದಲ್ಲಿ ಇನ್ನೊಬ್ಬ ವಿದ್ಯಾರ್ಥಿನಿ ಕೇಳಿದ್ದಳು. ನಾನು ಮಿಶಿಗನ್ನಿನಲ್ಲಿ ಅಳೆಯುತ್ತಿದ್ದುದು ಆ ಹೊಲಗಳನ್ನೇ. ಅಮೆರಿಕದ ಸಾಮಾನ್ಯ ಪೆಟ್ರೋಲಿನಲ್ಲಿ ಸುಮಾರು 10 ಪ್ರತಿಶತ ಎಥನಾಲ್ ಇರುತ್ತದೆ. ಆ ದೇಶದ ಮೆಕ್ಕೆಜೋಳದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ಅದಕ್ಕೇ ಹೋಗುತ್ತದೆ. ಒಂದು ಕಿಲೋ ಜೋಳದಿಂದ ಸುಮಾರು 0.4 ಲೀಟರ್ ಎಥನಾಲ್ ಸಿಗುತ್ತದೆ. ಮಸ್ಟ್ಯಾಂಗಿನ 60 ಲೀಟರ್ ಟ್ಯಾಂಕನ್ನು ಎಥನಾಲಿನಿಂದಲೇ ತುಂಬಲು ಹೊರಟರೆ ಸುಮಾರು 150 ಕಿಲೋ ಜೋಳ ಬೇಕು. ಮೂರನೆಯ ಒಂದು ಭಾಗ ಹಿಂಡಿಯಾಗಿ ದನಗಳಿಗೆ ಮರಳುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೂ ಲೀಟರಿಗೆ ಲೀಟರ್ ತೂಗಿದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗ ಮಾತ್ರ. ಆ ಹೊಲಗಳಿಗೆ ಸುರಿದ ಸಾರಜನಕದ ಒಂದು ಪಾಲು ಮಿಸಿಸಿಪ್ಪಿ ನದಿಯಲ್ಲಿ ಹರಿದು ಮೆಕ್ಸಿಕೋ ಕೊಲ್ಲಿ ಸೇರಿ, ಪ್ರತಿ ಬೇಸಿಗೆಯಲ್ಲಿ ಮೀನು ಬದುಕಲಾರದ ಪ್ರಾಣವಾಯುವಿಲ್ಲದ ವಲಯವನ್ನು ಸೃಷ್ಟಿಸುತ್ತದೆ.

ನಮ್ಮ ದೇಶವೂ 2025ರಲ್ಲಿ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲಿನ ಮಟ್ಟ ತಲುಪಿದೆ. ಕಬ್ಬು, ಜೋಳ, ಅಕ್ಕಿ ಮೂರೂ ಅದರ ಕಚ್ಚಾವಸ್ತು. ಬೆಳೆಗಾರನಿಗೆ ಬೆಲೆ ಸಿಕ್ಕರೆ ಸಂತೋಷವೇ. ಆದರೆ ಹಸಿವು ತಗ್ಗದ ವಾಹನಕ್ಕೆ ಹೊಲವನ್ನು ಉಣಿಸುವುದು ಪರಿಹಾರವೆಂದು ನಾನು ಒಪ್ಪಲಾರೆ.

ನಮ್ಮ ಪೈಪೋಟಿ

ಇದೆಲ್ಲ ದೂರದ ಕಥೆ, ಮಲೆನಾಡಿನ ನಮಗೇನು ಎಂದು ಕೇಳಬಹುದು. ನಾನೊಂದು ತಪ್ಪೊಪ್ಪಿಗೆ ಮಾಡಬೇಕಿದೆ.

ನಮ್ಮ ಮನೆಗೆ ನನ್ನ ಬಾಲ್ಯದಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಇಳಿದು ಬರುತ್ತಿತ್ತು. 2013ರ ಬೇಸಿಗೆಯಲ್ಲಿ ನಾನು, ಮಣ್ಣು ನೀರಿನ ಶಾಸ್ತ್ರ ಓದಿದವನು, ತೋಟ ಒಣಗುವ ಭಯದಿಂದ 280 ಅಡಿಯ ಕೊಳವೆಬಾವಿ ಕೊರೆಸಿದೆ. ಮರುವರ್ಷ ಕೆಳಮನೆಯವರ ತೆರೆದ ಬಾವಿ ಮಾರ್ಚಿನಲ್ಲೇ ಬತ್ತಿತು; ಅವರು 420 ಅಡಿಗೆ ಇಳಿದರು. ಆಚೆ ದಂಡೆಯವರು 600 ಅಡಿ ಮುಟ್ಟಿದರು. ಈಗ ನನ್ನದರಲ್ಲಿ ನೀರಿಲ್ಲ. ಅಬ್ಬಿಯಂತೂ ಶಿವರಾತ್ರಿಗೆ ಮೊದಲೇ ನಿಲ್ಲುತ್ತದೆ. ನಮ್ಮಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ಪಕ್ಕದವರಿಗಿಂತ ಸ್ವಲ್ಪ ಆಳಕ್ಕೆ ಹೋದೆವು, ಅಷ್ಟೆ. 455ಕ್ಕೆ 460 ಎಂದಂತೆ. ಅಮೆರಿಕದವರು ಮೇಲಕ್ಕೆ ಏರಿಸಿದ ಪೈಪೋಟಿಯನ್ನು ನಾವು ಕೆಳಕ್ಕೆ ಇಳಿಸಿದ್ದೇವೆ.

ಅಂತರ್ಜಲ ನಿಯಂತ್ರಣಕ್ಕೆ ಕರ್ನಾಟಕದಲ್ಲಿ 2011ರ ಕಾಯ್ದೆಯಿದೆ. ಆದರೆ ಒಂದು ಹಳ್ಳದ ಎರಡು ದಂಡೆಯ ಹತ್ತು ಮನೆಗಳು ಒಟ್ಟಿಗೆ ಕುಳಿತು ಮಾಡಿಕೊಳ್ಳುವ ಒಪ್ಪಂದಕ್ಕಿಂತ ಬಲವಾದ ಕಾನೂನು ನನಗೆ ಕಾಣದು. ಅಬ್ಬಿಯ ಮೇಲಿನ ಗುಡ್ಡದಲ್ಲಿ ಹೊಸ ಕೊಳವೆಬಾವಿ ಬೇಡ. ಇರುವವುಗಳ ಆಳಕ್ಕೆ ಎಲ್ಲರಿಗೂ ಒಂದೇ ಮಿತಿ. ಬೇಸಿಗೆಯಲ್ಲಿ ಪಂಪು ಓಡಿಸುವ ದಿನಗಳನ್ನು ಹಂಚಿಕೊಳ್ಳುವುದು. ಹೊಸ ಅಡಿಕೆ ಗಿಡ ನೆಡುವ ಮೊದಲು ಒಬ್ಬರಿಗೊಬ್ಬರು ಹೇಳುವುದು. ಕಂಡಿ ಬಿಡಬಾರದು, "ದೊಡ್ಡ ಹಿಡುವಳಿದಾರರಿಗೆ ವಿನಾಯಿತಿ" ಎಂದು ಒಂದು ಸಾಲು ಸೇರಿಸಿದರೆ ಎಲ್ಲವೂ ಆ ಸಾಲಿನಲ್ಲೇ ಸೋರಿಹೋಗುತ್ತದೆ. ಮರಗಳು ಸಭೆ ಸೇರಲಾರವು, ನಾವು ಸೇರಬಲ್ಲೆವು. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಹಳ್ಳದ ಪರವಾಗಿ ಈ ಮಾತನ್ನು ನಾನು ಇಡುವವನಿದ್ದೇನೆ, ನನ್ನ ಒಣಗಿದ 280 ಅಡಿಯ ಲೆಕ್ಕದೊಡನೆ.

ಮಸ್ಟ್ಯಾಂಗಿನ ಇನ್ನೊಂದು ಸಂಗತಿ ಹೇಳದೆ ಮುಗಿಸಲಾರೆ. ಆ ಕಂಪನಿಯ ಹಿರಿಯ ಇಂಜಿನಿಯರೊಬ್ಬರು ತಮ್ಮ ಮನೆಯಂಗಳದಿಂದ ಅಬ್ಬರದ ಮಸ್ಟ್ಯಾಂಗನ್ನು ಹೊರತೆಗೆಯುವಾಗ ಸದ್ದು ತಾಳಲಾರದೆ ನೆರೆಯವರು ಪೊಲೀಸರನ್ನು ಕರೆದರಂತೆ. ಅದರಿಂದ ಪಾಠ ಕಲಿತು 2018ರ ಮಾದರಿಯಲ್ಲಿ ಮೆಲ್ಲಗೆ ಹೊರಡುವ ಒಂದು ಏರ್ಪಾಟನ್ನು ಸೇರಿಸಲಾಯಿತು. ಬೆಳಗಿನ ಜಾವ, ರಾತ್ರಿ ಸದ್ದು ತಗ್ಗುವಂತೆ ಮಾಲೀಕ ವೇಳೆ ಗೊತ್ತುಪಡಿಸಬಹುದು. ಅದಕ್ಕೆ 'ಒಳ್ಳೆಯ ನೆರೆಯವನ' ಏರ್ಪಾಟು ಎಂಬ ಹೆಸರು ಬಿತ್ತು. 460 ಅಶ್ವಶಕ್ತಿಯ ಯಂತ್ರವನ್ನೂ ತಗ್ಗಿಸಿದ್ದು ಪಕ್ಕದ ಮನೆಯ ಒಂದು ದೂರು.

ಹುಡುಗನೇ, ಈಗ ನಿನ್ನ ಪ್ರಶ್ನೆಗೆ ಉತ್ತರ. ತಿರುವಿನ ದಾರಿಯಲ್ಲಿ ಕಮಾರೋ ಮೇಲು. ಬಾಳುವೆಗೆ ಮಸ್ಟ್ಯಾಂಗ್ ಮೇಲು. ಎರಡರಲ್ಲಿ ಒಂದನ್ನು ಹೇಳಲೇಬೇಕೆಂದರೆ, 88 ಅಶ್ವಶಕ್ತಿಯ 1974ರ ಆ ಪುಟ್ಟ ಕುದುರೆಯೇ ನನ್ನ ಆಯ್ಕೆ. ಚಿತ್ರವನ್ನು ಗೋಡೆಗೆ ಅಂಟಿಸಿಕೋ, ತಪ್ಪಿಲ್ಲ. ಗ್ರಾಮಸಭೆಯ ದಿನ ಮಾತ್ರ ತಪ್ಪಿಸಬೇಡ. ನಿಮ್ಮ ಮನೆಯ ಕೊಳವೆಬಾವಿಯ ಆಳ ಎಷ್ಟು ಅಡಿ ಎಂದು ಅಪ್ಪನನ್ನು ಕೇಳಿಕೊಂಡು ಬಾ.